ಒಂದೇ ಅಂಗಿಯ ಇಂಟರ್‌ವ್ಯೂ

ಮೋತಿ ಡೊಂಗರ್, ಮಡಗಾಂವ
12-6-1994

ಕಂಠೆಪ್ಪ ಕಾಕಾ ಅವರಿಗೆ,

ಅಖ್ತರಬಾನು ಮಾಡುವ ಸಲಾಮು. ಯಾವ ಅಖ್ತರಬಾನು ಎಂದು ಹುಬ್ಬು ಗಂಟಿಕ್ಕಬೇಡಿ. ವಾಸ್ಕೋದ ಮಾಂಗೋರ ಗುಡ್ಡದಲ್ಲಿ ನಿಮ್ಮ ಖೋಲಿಗೆ ಅಂಟಿಕೊಂಡಿದ್ದ ಖೋಲಿಯ ರಾಜೇಸಾಬನ ಮಗಳು. ಭಾಗವ್ವ ಕಾಕು ರೊಟ್ಟಿ ಬಡಿಯುವಾಗ ಮೊದಲನೆಯ ರೊಟ್ಟಿ ತನಗೇ ಬೇಕೆಂದು ಹಟ ಹಿಡಿದು ಒಲೆಯ ಮುಂದೆ ಕೂರುತ್ತಿದ್ದವಳು. ಈಗ ನನಗೆ ಹತ್ತೊಂಬತ್ತು. ರೊಟ್ಟಿ ನಾನೇ ಬಡಿಯುತ್ತೇನೆ, ಮೊದಲನೆಯದು ಈಗಲೂ ನನ್ನದೇ.

ವಿಷಯಕ್ಕೆ ಬರುತ್ತೇನೆ. ಕೊರ್ಲಿಮ್‌ನಲ್ಲಿ ಕರೆಂಟಿನ ಸ್ವಿಚ್ಚು ಜೋಡಿಸುವ ಒಂದು ಕಾರ್ಖಾನೆಯಿಂದ ನನಗೆ ಇಂಟರ್‌ವ್ಯೂ ಪತ್ರ ಬಂದಿದೆ. ಜುಲೈ ಹದಿನೆಂಟಕ್ಕೆ. ನನ್ನ ಗೆಳತಿ ನೂರಜಹಾನ ಅಲ್ಲಿ ಹೋದ ವರ್ಷ ಸೇರಿದಳು. ಅವಳು ಹೇಳುವ ಪ್ರಕಾರ ಉಳಿದದ್ದು ಏನು ಕೇಳಿದರೂ ಬಿಟ್ಟರೂ ಒಂದು ಪ್ರಶ್ನೆ ಮಾತ್ರ ಕೇಳಿಯೇ ಕೇಳುತ್ತಾರಂತೆ: ನಿನಗೆ ಒಬ್ಬಳೇ ಕೆಲಸ ಮಾಡುವುದು ಇಷ್ಟವೋ, ಎಲ್ಲರ ಜೊತೆ ಮಾಡುವುದು ಇಷ್ಟವೋ? ಒಬ್ಬಳೇ ಎಂದರೆ ಸೊಕ್ಕಿನವಳು ಅನ್ನುತ್ತಾರಂತೆ. ಎಲ್ಲರ ಜೊತೆ ಎಂದರೆ ಸ್ವಂತ ಕೈಯಲ್ಲಿ ಏನೂ ಆಗದವಳು ಅನ್ನುತ್ತಾರಂತೆ. ಏನು ಹೇಳಲಿ ಎಂದು ಊಟದ ಹೊತ್ತಿಗೆ ಅಬ್ಬಾನನ್ನು ಕೇಳಿದೆ.

ಅಬ್ಬಾ ತುತ್ತು ತಾಟಿನಲ್ಲೇ ಬಿಟ್ಟ. "ಅದನ್ನ ನನ್ನ ಕೇಳಬ್ಯಾಡ. ಸಾಂಕೋಲೆಕ ಕಂಠೆಪ್ಪ ಅದಾನ, ಅವನ್ನ ಕೇಳು. ಅಂವಾ ಅದರಾಗ ಪಾಸಾದಾಂವ" ಎಂದವನೇ ಕೈ ತೊಳೆದು ಮಳೆಯಲ್ಲೇ ಹೊರಗೆ ಹೋದ.

ಮನೆಯಲ್ಲಿ ನಿಮ್ಮ ಹೆಸರು ಕೇಳಿ ಒಂಬತ್ತು ವರ್ಷವಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ವಿಳಾಸ ಅಮ್ಮ ಕೊಟ್ಟಳು. ಅವಳೂ ಭಾಗವ್ವ ಕಾಕುವೂ ವರ್ಷಕ್ಕೊಮ್ಮೆ ಮಡಗಾಂವ ಬಸ್ ಸ್ಟ್ಯಾಂಡಿನಲ್ಲಿ ಕೂತು ಚಾ ಕುಡಿಯುತ್ತಾರಂತೆ. ನಿಮಗೆ ಗೊತ್ತಿತ್ತೇ? ನಮಗೆ ಗೊತ್ತಿರಲಿಲ್ಲ.

ನೀವು ಅವತ್ತು ಏನು ಹೇಳಿ ಪಾಸಾದಿರಿ, ಅದನ್ನು ಬರೆದು ತಿಳಿಸಿ. ನನಗೆ ಈ ನೌಕರಿ ಬೇಕೇ ಬೇಕು.

ನಿಮ್ಮ
ಬಾನು


ಸಾಂಕೋಲೆ
21-6-1994

ಮಗಳು ಬಾನುಗೆ ಕಂಠೆಪ್ಪನ ಆಶೀರ್ವಾದ.

ಭಲೇ! ಒಂಬತ್ತು ವರ್ಷಕ್ಕೆ ಒಂದು ಪತ್ರ ಬಂತು, ಅದೂ ಪ್ರಶ್ನೆ ಪತ್ರಿಕೆ. ನಾನೇನು ಕಾಲೇಜಿನ ಮಾಸ್ತರನೇ? ಏಳನೆಯ ಇಯತ್ತೆ ಎರಡು ಸಲ ಕೂತವನು ನಾನು. ನಿನ್ನ ಕಾಕುಗೆ ಪತ್ರ ಓದಿ ಹೇಳಿದೆ. ಬಸ್ ಸ್ಟ್ಯಾಂಡಿನ ಚಾದ ಮಾತು ಬಂದಾಗ ಎದ್ದು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡತೊಡಗಿದಳು. ಹೆಂಗಸರನ್ನು ನಂಬಬಾರದು ನೋಡು. ಆದರೆ ನೀನು ರೊಟ್ಟಿ ಬಡಿಯುತ್ತೀ ಎಂದು ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಿನ್ನ ಅಕ್ಷರ ದುಂಡಗಿದೆ. ನಿನ್ನಪ್ಪನ ಕೈ ಅದು. ಓದಲು ಬರದಿದ್ದರೂ ಹಡಗಿನ ಹೆಸರು ಯಾವ ಭಾಷೆಯಲ್ಲಿ ಬರೆದುಕೊಟ್ಟರೂ ನೋಡಿ ನೋಡಿ ಅಚ್ಚು ಹೊಡೆದ ಹಾಗೆ ಬರೆಯುತ್ತಿದ್ದ.

ನಮ್ಮ ಕೆಲಸ ನೀನು ಕಣ್ಣಾರೆ ನೋಡಿಲ್ಲ. ಬಂದರಿನಲ್ಲಿ ನಿಂತ ಹಡಗಿನ ಹೊಟ್ಟೆಗೆ ಬಣ್ಣ ಹಚ್ಚಬೇಕು. ಮೇಲಿನಿಂದ ಎರಡು ಹಗ್ಗ ಇಳಿಬಿಟ್ಟು ಒಂದು ಹಲಗೆ ಕಟ್ಟುತ್ತಾರೆ. ಹಲಗೆಯ ಈ ತುದಿಗೆ ನಾನು, ಆ ತುದಿಗೆ ನಿನ್ನಪ್ಪ. ಕಾಲ ಕೆಳಗೆ ಸಮುದ್ರ. ಕೈಗೆ ಎಟುಕುವಷ್ಟು ಹಚ್ಚಿ ಮುಗಿದ ಮೇಲೆ ಹಲಗೆ ಕೆಳಗಿಳಿಸಬೇಕು. ಅವನ ಹಗ್ಗ ಅವನ ಕೈಯಲ್ಲಿ, ನನ್ನದು ನನ್ನ ಕೈಯಲ್ಲಿ. ನಾನು "ಹೋಯ್" ಅನ್ನಬೇಕು, ಅವನು "ಹಾಂ" ಅನ್ನಬೇಕು, ಆಮೇಲೆಯೇ ಇಬ್ಬರೂ ಒಂದೇ ಸಲಕ್ಕೆ ಗೇಣು ಗೇಣು ಸಡಿಲಿಸಬೇಕು. "ಹಾಂ" ಕೇಳದೆ ಹಗ್ಗ ಬಿಟ್ಟವನನ್ನು ಬಂದರಿನಲ್ಲಿ ಯಾರೂ ಹಲಗೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಎಂಟು ವರ್ಷ ಹೀಗೆ ಕೂತೆವು. ಹೆಂಡಿರ ಮೇಲಿನ ಸಿಟ್ಟು, ಊರ ಸುದ್ದಿ, ನಮ್ಮ ಮೇಲೆ ಕಣ್ಣಿಟ್ಟು ಕೆಲಸ ಮಾಡಿಸುತ್ತಿದ್ದ ಮುಕ್ಕಾದಮ ಲಚ್ಚಪ್ಪನ ಮೀಸೆ, ಎಲ್ಲಾ ಅಲ್ಲೇ ಮಾತಾಡುತ್ತಿದ್ದೆವು. ಮಧ್ಯಾಹ್ನದ ಗಂಟೆಯಾದರೂ ಕೆಲವೊಮ್ಮೆ ಮೇಲೆ ಹತ್ತುತ್ತಿರಲಿಲ್ಲ. ಅಲ್ಲೇ ಕಾಲಾಡಿಸುತ್ತ ಪಾವು ಮತ್ತು ಉಳ್ಳಾಗಡ್ಡಿ ತಿನ್ನುತ್ತಿದ್ದೆವು. ಅಷ್ಟು ರುಚಿಯ ಊಟ ಆಮೇಲೆ ನನಗೆ ಸಿಕ್ಕಿಲ್ಲ.

ಈಗ ನಾನು ನದಿ ದಂಡೆಯ ಬಾರ್ಜ್ ರಿಪೇರಿ ಯಾರ್ಡಿನಲ್ಲಿ ಪರ್ಮನೆಂಟು. ಹೆಸರಿಗೆ ಪೇಂಟರ್. ಒಂಬತ್ತು ವರ್ಷದಲ್ಲಿ ಒಂದು ದಿನ ಬ್ರಷ್ ಕೈಗೆ ಕೊಟ್ಟಿಲ್ಲ. ಸುತ್ತಿಗೆ ಹಿಡಿದು ತುಕ್ಕು ಕೆರೆಯುವುದೇ ಕೆಲಸ. ಯಾಕೆಂದು ಕೇಳಿದರೆ ಸಾಹೇಬರು ನಗುತ್ತಾರೆ. ಹೋಗಲಿ, ಪಗಾರ ಬರುತ್ತದೆ.

ನಿನ್ನ ಪ್ರಶ್ನೆಗೆ: ಎಲ್ಲರ ಜೊತೆ ಮಾಡುತ್ತೇನೆ ಅನ್ನು. ಅದೇ ಚಲೋ. ನಾನು ಏನು ಹೇಳಿದ್ದೆ ಎನ್ನುವುದು ಈಗ ನೆನಪಿಲ್ಲ.

ಎತ್ತರದಲ್ಲಿ ತಲೆ ತಿರುಗುವ ಆ ಚಕ್ಕರ್ ಅಪ್ಪನಿಗೆ ಈಗಲೂ ಬರುತ್ತದೆಯೇ?

ಇತಿ
ಕಂಠೆಪ್ಪ


ಮೋತಿ ಡೊಂಗರ್
27-6-1994

ಕಾಕಾ,

ಯಾವ ಚಕ್ಕರ್?

ನಿಮ್ಮ ಪತ್ರದ ಕೊನೆಯ ಸಾಲನ್ನು ಅಮ್ಮನಿಗೆ ತೋರಿಸಿದೆ. ಅವಳು ಪತ್ರ ಮಡಚಿ ನನ್ನ ಕೈಗೇ ಕೊಟ್ಟಳು. ಆಮೇಲೆ ನಾನೇ ಒಂದೊಂದನ್ನೂ ಕೂಡಿಸಿ ನೋಡಿದೆ. ನಮ್ಮ ಗುಡ್ಡದ ಮೆಟ್ಟಿಲು ಇಳಿಯುವಾಗ ಅಬ್ಬಾ ಯಾವಾಗಲೂ ಗೋಡೆಗೆ ಕೈ ಹಚ್ಚಿಕೊಂಡೇ ಇಳಿಯುತ್ತಾನೆ. ಮಾಡಿನ ಮೇಲೆ ತಗಡು ಹೊದಿಸಲು ಪಕ್ಕದವರನ್ನು ಕರೆಯುತ್ತಾನೆ. ಈಗ ಅವನ ಕೆಲಸ ಗ್ಯಾರೇಜಿನಲ್ಲಿ, ಲಾರಿಗಳ ಹಿಂದೆ ಹೆಸರು, ಹೂವು, ನವಿಲು ಬರೆಯುವುದು. ಹೋದ ವರ್ಷ ಒಬ್ಬ ಹೋಟೆಲಿನವನು ಮೂರನೆಯ ಮಾಳಿಗೆಯ ಬೋರ್ಡು ಬರೆಯಲು ಕರೆದ. ಚಲೋ ಕೆಲಸ. ಅಬ್ಬಾ ಬೇಡವೇ ಬೇಡ ಎಂದ. ನಾನು ಅವನಿಗೆ ಮೈಗಳ್ಳ ಎಂದು ಅಂದಿದ್ದೆ ಕಾಕಾ. ಈಗ ಆ ಮಾತು ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಇನ್ನು ನಿಮ್ಮ ಉತ್ತರ. ಮುಕ್ಕಾದಮನ ಮೀಸೆ ನೆನಪಿದೆ, ಪಾವು ಉಳ್ಳಾಗಡ್ಡಿಯ ರುಚಿ ನೆನಪಿದೆ, ನಿಮ್ಮ ಬದುಕನ್ನೇ ಬದಲಿಸಿದ ಒಂದು ಉತ್ತರ ಮಾತ್ರ ನೆನಪಿಲ್ಲ! ಯಾರಿಗೆ ಹೇಳುತ್ತೀರಿ ಈ ಕಥೆ?

ಮಾಂಗೋರ ಗುಡ್ಡ ಬಿಟ್ಟ ದಿನ ನನಗೆ ನೆನಪಿದೆ. ನೀವು ಡ್ಯೂಟಿಗೆ ಹೋಗಿದ್ದಿರಿ. ಅಬ್ಬಾ ಟೆಂಪೊ ತಂದ, ಹಾಸಿಗೆ ಸುತ್ತಿದ, ಭಾಗವ್ವ ಕಾಕು ಬಾಗಿಲಲ್ಲಿ ನಿಂತು "ಅಣ್ಣಾ, ಏನಾತೋ? ಅವರರೆ ಬರಲಿ ತಡಿಯೋ" ಅನ್ನುತ್ತಿದ್ದರೂ ತಿರುಗಿ ನೋಡಲಿಲ್ಲ. ಟೆಂಪೊದಲ್ಲಿ ಅಬ್ಬಾ ಅತ್ತ. ನಾನು ಅವನು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ನಿಮ್ಮಿಬ್ಬರ ನಡುವೆ ಏನೋ ಆಗಿದೆ, ಅದು ಆ ಇಂಟರ್‌ವ್ಯೂದಲ್ಲೇ ಆಗಿದೆ.

ನಿಜ ಹೇಳಿ ಕಾಕಾ. ನೀವು ಅವತ್ತು ಏನಂದಿರಿ?

ಬಾನು


ಸಾಂಕೋಲೆ
3-7-1994

ಬಾನು,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು. ಇದನ್ನು ಬರೆದವನೇ ಡಬ್ಬಿಗೆ ಹಾಕಿ ಬರುತ್ತೇನೆ, ಮತ್ತೆ ಓದಿದರೆ ಇದೂ ಒಲೆಗೇ ಹೋಗುತ್ತದೆ.

ನಿನ್ನಪ್ಪನಿಗೆ ಚಕ್ಕರ್ ಶುರುವಾದದ್ದು ಎಂಬತ್ತಮೂರರ ಬೇಸಿಗೆಯಲ್ಲಿ. ಹಲಗೆಯ ಮೇಲೆ ಕೂತವನು ಸುಮ್ಮನೆ ಮುಂದಕ್ಕೆ ವಾಲಿದ. ನಾನು ಕೊರಳಪಟ್ಟಿ ಹಿಡಿದೆ. ಅಂಗಿ ಹರಿಯಿತು, ಮನುಷ್ಯ ಉಳಿದ. ಮುಕ್ಕಾದಮನಿಗೆ ಗೊತ್ತಾದರೆ ಅವತ್ತೇ ಕೆಲಸ ಹೋಗುತ್ತಿತ್ತು. ಅವತ್ತಿನಿಂದ ಅವನ ನಡುವಿಗೆ ಒಂದು ಸಣ್ಣ ಹಗ್ಗ ಕಟ್ಟಿ, ಅಂಗಿಯ ಒಳಗಿನಿಂದ ತಂದು, ಅದರ ಇನ್ನೊಂದು ತುದಿ ನನ್ನ ನಡುವಿಗೆ ಕಟ್ಟಿಕೊಳ್ಳುತ್ತಿದ್ದೆ. ಚಕ್ಕರ್ ಬರುವ ಮೊದಲು ಅವನು ಮೆಲ್ಲಗೆ "ಕಂಠ್ಯಾ" ಅನ್ನುತ್ತಿದ್ದ. ನಾನು ಬ್ರಷ್ ಕೆಳಗಿಟ್ಟು ಅವನ ಕೈ ಹಿಡಿದು, ಅದು ಹೋಗುವ ತನಕ ಏನಾದರೂ ಸುಳ್ಳು ಸುಳ್ಳೇ ಕಥೆ ಹೇಳುತ್ತಿದ್ದೆ. ಎರಡು ವರ್ಷ ಯಾರಿಗೂ ಸುಳಿವು ಹತ್ತಲಿಲ್ಲ.

ಎಂಬತ್ತೈದರಲ್ಲಿ ಯಾರ್ಡಿನವರು ಪೇಂಟರ್ ಕರೆದರು. ಇದ್ದದ್ದು ಒಂದೇ ಜಾಗ, ಕರೆದದ್ದು ನಮ್ಮಿಬ್ಬರನ್ನೂ. ಇಬ್ಬರ ಹತ್ತಿರ ಕೂಡಿ ನೆಟ್ಟಗಿದ್ದದ್ದು ಒಂದೇ ಅಂಗಿ, ರಮ್ಜಾನಕ್ಕೆ ನಿನ್ನಪ್ಪ ಹೊಲಿಸಿದ್ದ ಬಿಳಿಯದು. ಮೊದಲು ಅವನು ಅದನ್ನು ಹಾಕಿಕೊಂಡು ಒಳಗೆ ಹೋದ. ಬಂದವನೇ ಆಫೀಸಿನ ಹಿಂದೆ ನೀರಿನ ಟಾಕಿಯ ಮರೆಯಲ್ಲಿ ಬಿಚ್ಚಿ ನನಗೆ ಕೊಟ್ಟ. "ಏನ್ ಕೇಳಿದ್ರಲೇ?" ಅಂದೆ. "ಊರು, ಹೆಸರು ಕೇಳಿದ್ರು. ಅಷ್ಟ" ಅಂದ. ಅವನ ಬೆವರಿನಿಂದ ಒದ್ದೆಯಾದ ಅಂಗಿಯನ್ನೇ ತೊಟ್ಟು ನಾನು ಒಳಗೆ ಹೋದೆ.

ಸಾಹೇಬ ನನ್ನನ್ನು ನೋಡಿದ, ಅಂಗಿ ನೋಡಿದ, ನಕ್ಕ. "ಇದು ಈಗ ಬಂದಿತ್ತಲ್ಲ?" ಅಂದ. ನಾನು ನಾಚಿಕೆಗೆಟ್ಟು "ನಂದ ಅಂಗಿ ಸಾಹೇಬ್ರ, ಅಂವಾ ಕಡಾ ಇಸಗೊಂಡಿದ್ದ" ಅಂದೆ. ಬಾಯಿ ಒಮ್ಮೆ ಜಾರಿದ ಮೇಲೆ ನಿಲ್ಲುತ್ತದೆಯೇ? ಆಗ ಕೇಳಿದ ನೋಡು ಆ ಪ್ರಶ್ನೆ. ಒಬ್ಬನೇ ಮಾಡುತ್ತೀಯಾ, ಯಾರಾದರೂ ಜೊತೆಗೆ ಬೇಕಾ?

ನಾನು ಹೇಳಿದೆ: "ನಾ ಒಬ್ಬನ ಮಾಡ್ತೀನ್ರಿ. ಎರಡ ವರ್ಷದಿಂದ ಒಬ್ಬನ ಮಾಡಾಕತ್ತೇನಿ. ನನ್ನ ಜೋಡಿದಾರಗ ಎತ್ತರದ ಮ್ಯಾಲೆ ಚಕ್ಕರ್ ಬರ್ತೈತ್ರಿ, ಅವನ್ನ ಕಾಯೂದೂ ನನ್ನ ಪಾಲಿಗೇ ಬಂದೈತಿ."

ಎಂಟು ದಿನಕ್ಕೆ ಆರ್ಡರು ಬಂತು, ನನ್ನ ಹೆಸರಿಗೆ. ಪೇಡೆ ತಂದು ಮೊದಲು ನಿಮ್ಮ ಬಾಗಿಲಿಗೇ ಬಂದೆ. ನಿನ್ನಪ್ಪ ಪೇಡೆ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ, ತಿನ್ನಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಸಾಹೇಬ ಇವನಿಗೆ ಹೇಳಿದ್ದಾನೆ. ತಿಂಗಳೊಳಗೆ ಖೋಲಿ ಬಿಟ್ಟು ಹೋದ. ಬಂದರಿನ ಕೆಲಸವನ್ನೂ ಬಿಟ್ಟ ಎಂದು ಕೇಳಿದೆ. ಅದಕ್ಕೂ ನನ್ನ ಬಾಯಿಯೇ ಕಾರಣ. ಮಡಗಾಂವ ಬಸ್ಸು ದಿನಾ ನಮ್ಮ ಮುಂದೆಯೇ ಹಾಯುತ್ತದೆ. ಒಂಬತ್ತು ವರ್ಷ ಅದನ್ನು ಹತ್ತುವ ಧೈರ್ಯ ಬರಲಿಲ್ಲ.

ಈ ಪತ್ರವನ್ನು ಅವನಿಗೆ ಓದಿ ಹೇಳು. ಆಮೇಲೆ ಅವನು ನನ್ನ ಮುಖ ನೋಡುವುದಿಲ್ಲ. ಈಗಲೂ ನೋಡುತ್ತಿಲ್ಲವಲ್ಲ. ಆದರೆ ನನ್ನ ಬಾಯಿಂದಲೇ ಕೇಳಲಿ.

ಪಾಪಿ
ಕಂಠೆಪ್ಪ


ಮೋತಿ ಡೊಂಗರ್
9-7-1994

(ಕಾಕಾ, ಅಬ್ಬಾ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಿದ್ದಬಾರದು ಎಂದು ಆಣೆ ಹಾಕಿಸಿದ್ದಾನೆ. – ಬಾನು)

ಕಂಠ್ಯಾ, ನಾ ರಾಜ್ಯಾ ಮಾತಾಡಾಕತ್ತೇನಿ.

ನಿನ್ನ ಕಾಗದ ಓದಿಸಿ ಕೇಳಿದೆ. ಕೇಳಿ ನಕ್ಕೆ. ಕೆಮ್ಮು ಬರೂತನಕ ನಕ್ಕೆ. ಬಾನುಗ ಸಿಟ್ಟ ಬಂತು. "ಇದರಾಗ ನಗೂದೇನೈತಿ ಅಬ್ಬಾ?" ಅಂದ್ಲು. ಆಮ್ಯಾಲೆ ನನಗ ಅಳು ಬಂತು, ಆಗ ಸುಮ್ಮನಾದ್ಲು.

ನನಗ ಯಾವ ಸಾಹೇಬನೂ ಏನೂ ಹೇಳಿಲ್ಲೋ ಮಾರಾಯಾ. ನೀ ಹಿಂಗಂದಿ ಅನ್ನೂದು ನನಗ ಇವತ್ತ ಗೊತ್ತಾತು.

ಈಗ ನಂದು ಕೇಳು. ಅವತ್ತ ಮೊದಲ ಒಳಗ ಹೋದಾಂವ ನಾನು. ಊರು, ಹೆಸರು ಅಷ್ಟ ಕೇಳಿದ್ರು ಅಂತ ನಿನಗ ಹೇಳಿದ್ದು ಸುಳ್ಳು. ಅದ ಪ್ರಶ್ನೆ ನನಗೂ ಕೇಳಿದ್ರು. ನಾ ಏನಂದೆ ಗೊತ್ತೈತೇನು? "ನಾ ಒಬ್ಬನ ಮಾಡ್ತೀನ್ರಿ ಸಾಹೇಬ್ರ. ಹೊರಗ ಕುಂತಾನಲ್ರಿ, ಅವಗ ಕೆಂಪ ಯಾವುದು ಹಸರ ಯಾವುದು ತಿಳಿಯೂದಿಲ್ಲ. ಡಬ್ಬಿ ನೋಡಿ ಕೊಡಾಂವ ನಾನ. ನಾ ಇಲ್ಲಂದ್ರ ಅಂವಾ ಹಡಗಿಗೆ ಏನ್ ಬಳೀತಾನೋ ದೇವರ ಬಲ್ಲ." ಹಿಂಗಂದು ಸಾಹೇಬನ ಕೂಡ ನಾನೂ ನಕ್ಕೆ ಕಂಠ್ಯಾ. ಆ ನಗಿ ನನ್ನ ಎದಿಯಾಗ ಮುಳ್ಳಾಗಿ ಕುಂತೈತಿ.

ಬಾನುಗ ಇದು ಗೊತ್ತಿರಲಿಲ್ಲ, ಅಕೀಗೂ ಈಗ ಹೇಳೇನಿ. ಒಮ್ಮೆ ನೀರಿನ ಗೆರಿ ಕೆಳಗ ಕೆಂಪ ಹಚ್ಚೂ ಜಾಗಾದಾಗ ನೀ ಮೊಳ ಅಗಲ ಹಸರ ಹಚ್ಚಿದ್ದಿ. ಹಚ್ಚಿ "ಹೆಂಗೈತಿ ನೋಡಲೇ ಕೈ" ಅಂದಿ. ಆಗ ನಿನ್ನ ಕಣ್ಣಿನ ಸುದ್ದಿ ನನಗ ತಿಳೀತು. ಲಚ್ಚಪ್ಪ ಊಟಕ್ಕ ಹೋಗಿದ್ದ. ಅಂವಾ ಬರೂದ್ರಾಗ ಎಲ್ಲಾ ಒರಿಸಿ ಕೆಂಪ ಹಚ್ಚಿದ್ವಿ. ಅವತ್ತ ನೀ ನನ್ನ ಕಾಲ ಹಿಡಿಯಾಕ ಬಂದಿದ್ದಿ. "ಹುಚ್ಚ ಹಿಡದೈತೇನು, ಹಲಗಿ ಅಲ್ಲಾಡತೈತಿ" ಅಂತ ಬೈದಿದ್ದೆ.

ನಿನಗ ಬ್ರಷ್ ಕೊಟ್ಟಿಲ್ಲ ಅಂತ ಮೊದಲಿನ ಕಾಗದದಾಗ ಬರದಿದ್ದಿ, ಬಾನು ಓದಿ ಹೇಳಿದ್ಲು. ಯಾಕ ಕೊಟ್ಟಿಲ್ಲ, ಈಗ ತಿಳೀತಿಲ್ಲೋ? ಸಾಹೇಬ ನಂದೂ ಕೇಳ್ಯಾನ, ನಿಂದೂ ಕೇಳ್ಯಾನ. ಕಣ್ಣ ಬ್ಯಾಡದ ಕೆಲಸ ಅವರ ಹಂತ್ಯಾಕ ಇತ್ತು, ನಿನಗ ಕೊಟ್ಟ್ರು. ಎತ್ತರ ಬ್ಯಾಡದ ಕೆಲಸ ಇರಲಿಲ್ಲ.

ಪೇಡೆ ತಿನ್ನಲಿಲ್ಲ, ಖರೇ. ನಿನ್ನ ಮ್ಯಾಲಿನ ಸಿಟ್ಟಲ್ಲ ಅದು. ನಾ ಚಾಡಿ ಹೇಳಿದ್ದು ನಿನ್ನ ಮ್ಯಾಲೆ, ನೀನ ಬಂದು ನನಗ ಪೇಡೆ ಕೊಟ್ಟಿ, ಅವು ನನಗ ನುಂಗಾಕ ಆಗಲಿಲ್ಲ. ಇವತ್ತಿಲ್ಲ ನಾಳೆ ಸಾಹೇಬ ನಿನಗ ಹೇಳತಾನ, ನೀ ಬಂದು ನನ್ನ ಮಾರಿಮ್ಯಾಲೆ ಉಗುಳತಿ ಅಂತ ಹೆದರಿ ಖೋಲಿ ಬಿಟ್ಟೆ. ಬಂದರದ ಕೆಲಸ ಯಾರೂ ಬಿಡಿಸಲಿಲ್ಲ. ನಾನ ಬಿಟ್ಟೆ. ಬ್ಯಾರೆಯವನ ಕೂಡ ಹಲಗಿ ಮ್ಯಾಲೆ ಕುಂದ್ರಾಕ ನನಗ ಹೆದರಿಕಿ.

ಒಂಬತ್ತ ವರ್ಷ ನೀನೂ ಹೇಳಿರಬೇಕು ಅಂತ ಒಮ್ಮೆರೆ ನನ್ನ ತಲ್ಯಾಗ ಬಂದಿಲ್ಲ. ಇಬ್ಬರಾಗ ನಾ ಒಬ್ಬನ ಹೊಲಸ ಮನಷ್ಯಾ ಅನ್ಕೊಂಡಿದ್ದೆ.

ರಾಜೇಸಾಬ


ಸಾಂಕೋಲೆ
14-7-1994

ಲೇ ರಾಜ್ಯಾ, ಹಲ್ಕಟ್ಟಾ!

ಒಂಬತ್ತು ವರ್ಷ ತುಕ್ಕು ಕೆರೆದೆ. ಕಿವಿ ಅರ್ಧ ಮಂದವಾಗಿದೆ, ಮೂಗಿನಲ್ಲಿ ಕೆಂಪು ಧೂಳು. ಅದು ಕೆಂಪು ಎಂದು ನಿನ್ನ ವೈನಿ ಭಾಗವ್ವ ಹೇಳುತ್ತಾಳೆ, ನನಗೇನು ಗೊತ್ತು. ಸಾಹೇಬರ ಮುಂದೆ ಎಷ್ಟು ಸಲ ಕೈ ಮುಗಿದೆ, ಒಂದು ದಿನ ಬ್ರಷ್ ಕೊಡಿ ಎಂದು. ಅವರು ನಗುತ್ತಿದ್ದದ್ದು ಇದಕ್ಕೇನು! ನಿನ್ನ ಪತ್ರ ಓದಿ ಸಿಟ್ಟಿನಲ್ಲಿ ಚಾದ ಬಟ್ಟಲು ಗೋಡೆಗೆ ಎಸೆದೆ. ಭಾಗವ್ವ ಓಡಿ ಬಂದಳು. ಏನಾಯಿತು ಎಂದು ಕೇಳಿದಳು. ನಾನು ಮಾಡಿದ್ದನ್ನು ಹೇಳದೆ ನೀನು ಮಾಡಿದ್ದನ್ನು ಹೇಗೆ ಹೇಳಲಿ? ಕೊನೆಗೆ ಎರಡನ್ನೂ ಹೇಳಿದೆ. ಅವಳು ಚೂರು ಆರಿಸುತ್ತ, "ಇಬ್ಬರೂ ಕೂಡೇ ಕೆಟ್ಟೀರಿ. ಈಗ ಇಬ್ಬರೂ ಕೂಡೇ ಅಳ್ರಿ" ಎಂದಳು.

ಸರಿಗೆ ಸರಿಯಾಯಿತು ಎಂದು ಮಾತ್ರ ಅನ್ನಬೇಡ. ಆಗಿಲ್ಲ. ನನಗೆ ತಿಂಗಳ ಪಗಾರವಿತ್ತು, ನೀನು ಲಾರಿಯ ಹಿಂದೆ ಬಿಸಿಲಲ್ಲಿ ಕೂತೆ. ಅದನ್ನು ನೆನೆದರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಆಮೇಲೆ ಮತ್ತೆ ಆ ಸುತ್ತಿಗೆಯ ನೆನಪಾಗಿ ಏರುತ್ತದೆ. ಹೀಗೇ ಎರಡು ದಿನದಿಂದ ನಡೆದಿದೆ.

ಒಂದು ಮಾತು ಕೇಳುತ್ತೇನೆ. ಆ ಪ್ರಶ್ನೆ ಕೇಳಿದಾಗ ನಮಗೆ ಸುಮ್ಮನೆ "ಇಬ್ಬರೂ ಕೂಡಿ ಮಾಡತೀವ್ರಿ" ಅನ್ನಲು ಏನು ಧಾಡಿಯಾಗಿತ್ತೋ? ಎಂಟು ವರ್ಷ ಹಾಗೇ ಮಾಡಿದ್ದೆವಲ್ಲ.

ಮಗಳೇ ಬಾನು, ಇದನ್ನು ಅಪ್ಪನಿಗೆ ಓದಿ ಹೇಳಿದ ಮೇಲೆ ಇದು ನಿನಗೆ. ಹದಿನೆಂಟಕ್ಕೆ ಹೋಗು. ಏನು ಹೇಳಬೇಕೆಂದು ನಮ್ಮನ್ನು ಕೇಳಬೇಡ. ನಮಗೆ ಆ ಯೋಗ್ಯತೆ ಇಲ್ಲ. ಇಸ್ತ್ರಿ ಮಾಡಿದ್ದು ಹಾಕಿಕೊಂಡು ಹೋಗು.

ಕಂಠೆಪ್ಪ


ಮೋತಿ ಡೊಂಗರ್
6-8-1994

ಕಾಕಾ,

ತಡವಾಗಿ ಬರೆಯುತ್ತಿದ್ದೇನೆ. ನಿಜ ಏನೆಂದರೆ, ಬರೆಯುವ ಮನಸ್ಸಿರಲಿಲ್ಲ.

ಹದಿನೆಂಟಕ್ಕೆ ಎರಡು ಬಸ್ಸು ಬದಲಿಸಿ ಕೊರ್ಲಿಮ್‌ಗೆ ಹೋದೆ. ಒಳಗೆ ಒಬ್ಬ ಮೇಡಂ ಮತ್ತು ಒಬ್ಬ ವಯಸ್ಸಾದ ಸಾಹೇಬರು. ನನ್ನ ಮುಂದೆ ಐದು ಸ್ವಿಚ್ಚು ಬಿಚ್ಚಿಟ್ಟು ಜೋಡಿಸು ಅಂದರು. ಎಲ್ಲರಿಗಿಂತ ಬೇಗ ಜೋಡಿಸಿದೆ, ಅವರೇ ಹೇಳಿದರು. ಆಮೇಲೆ ಮೇಡಂ ಹಿಂದಿಯಲ್ಲಿ ಅದೇ ಪ್ರಶ್ನೆ ಕೇಳಿದರು.

"ಎಲ್ಲರ ಜೊತೆ" ಎಂದು ಹೇಳಲು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ನೀವಿಬ್ಬರೂ ಕಣ್ಣ ಮುಂದೆ ಬಂದಿರಿ, ನೀರಿನ ಟಾಕಿಯ ಹಿಂದೆ ಅಂಗಿ ಬದಲಿಸುತ್ತ. ನಾನು ಹೇಳಿದೆ: "ಒಬ್ಬಳನ್ನೇ ಕೂರಿಸಿದರೂ ಮಾಡುತ್ತೇನೆ, ಹತ್ತು ಜನರ ನಡುವೆ ಕೂರಿಸಿದರೂ ಮಾಡುತ್ತೇನೆ. ಆದರೆ ಪಕ್ಕದವಳಿಗೆ ಏನಾದರೂ ಬರುವುದಿಲ್ಲ ಎಂದು ನನಗೆ ಗೊತ್ತಾದರೆ ಅದನ್ನು ನಾನು ಮಾಡಿಕೊಡುತ್ತೇನೆ. ನಿಮಗೆ ಬಂದು ಹೇಳುವುದಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದರೆ ತಪ್ಪು ಯಾರದು ಎಂದು ನಮಗೆ ಹೇಗೆ ಗೊತ್ತಾಗಬೇಕು?" ಅಂದರು.

"ನಿಮ್ಮ ಕೈಗೆ ಬರುವ ಸ್ವಿಚ್ಚು ಸರಿಯಾಗಿಯೇ ಇರುತ್ತದಲ್ಲ, ಮೇಡಂ" ಅಂದೆ.

ವಯಸ್ಸಾದ ಸಾಹೇಬರು ನಕ್ಕರು. ಮೇಡಂ ನಗಲಿಲ್ಲ.

ನಿನ್ನೆ ಪತ್ರ ಬಂತು. ನನ್ನನ್ನು ತೆಗೆದುಕೊಂಡಿಲ್ಲ. ಕೈ ಚುರುಕಿದೆ, ಆದರೆ ಸೂಪರ್‌ವೈಸರಿಗೆ ಸುದ್ದಿ ಮುಟ್ಟಿಸದ ಹುಡುಗಿ ಬೇಡ ಎಂದು ಮೇಡಂ ಅಂದರಂತೆ, ನೂರಜಹಾನ ಹೇಳಿದಳು. "ಹೂಂ, ನಿಮಗ ಬಂದು ಹೇಳತೀನಿ ಅಂದು ಬರೂದ ಬಿಟ್ಟು ಇದೆಲ್ಲಾ ಯಾಕ ಬೇಕಿತ್ತ ನಿನಗ?" ಎಂದು ಬೈದಳು ಕೂಡ. ನಾನೇನು ದೊಡ್ಡ ಧೈರ್ಯದವಳಲ್ಲ ಕಾಕಾ. ರಾತ್ರಿಯೆಲ್ಲಾ ಅತ್ತೆ. ಒಂದು ಸುಳ್ಳು ಹೇಳಿದ್ದರೆ ಸೋಮವಾರದಿಂದ ನಾನೂ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ.

ಇವತ್ತು ಮುಂಜಾನೆ ಅಬ್ಬಾ ಕೇಳಿದ, "ಖರೇ ಹೇಳು, ಒಳಗ ಏನಂದಿ?" ಅಂದದ್ದನ್ನೇ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಬ್ಬಾ ಬಹಳ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಗ್ಯಾರೇಜಿಗೆ ಎಂದುಕೊಂಡೆ. ಈಗ ಗ್ಯಾರೇಜಿನವರು ಬಂದು ಕೇಳುತ್ತಿದ್ದಾರೆ, ರಾಜೇಸಾಬ ಎಲ್ಲಿ ಎಂದು. ವಾಸ್ಕೋ ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ.

ನಿಮ್ಮಲ್ಲಿಗೆ ಬಂದಿದ್ದರೆ ಊಟ ಮಾಡಿಸಿ ಕಳಿಸಿ. ಏನೂ ತಿನ್ನದೆ ಹೋಗಿದ್ದಾನೆ.

ಬಾನು


ಸಾಂಕೋಲೆ
8-8-1994

ಬಾನು,

ಬರೆಯುವವನು ಕಂಠೆಪ್ಪ. ನಿನ್ನಪ್ಪ ಪಕ್ಕದಲ್ಲಿ ಕೂತು ನಡುನಡುವೆ ತನ್ನದನ್ನೂ ಸೇರಿಸುತ್ತಿದ್ದಾನೆ. ಹೇಳುತ್ತಾನೆ, ಅಳಿಸು ಅನ್ನುತ್ತಾನೆ, ಮತ್ತೆ ಹೇಳುತ್ತಾನೆ. ಅದಕ್ಕೇ ಕಾಗದ ಇಷ್ಟು ಹೊಲಸಾಗಿದೆ. ನಾನು ಅಳಿಸಿದ್ದಲ್ಲ.

ನಿನ್ನ ಪತ್ರ ಇವತ್ತು ಮುಟ್ಟಿತು. ಊಟ ಮಾಡಿಸಿದ್ದೇವೆ. ನಿನ್ನ ಕಾಕು ಎರಡು ದಿನದಿಂದ ಮಾಡಿಸುತ್ತಲೇ ಇದ್ದಾಳೆ. ನಿಮಗೆ ಕಾಳಜಿಯಾಗುತ್ತದೆ ಎಂದು ಅವತ್ತೇ ಗ್ಯಾರೇಜಿಗೆ ಫೋನ್ ಮಾಡಿಸಿದೆ, ಮುಟ್ಟಿರಬೇಕು.

ಅವತ್ತು ಪಾಳಿ ಮುಗಿಸಿ ಯಾರ್ಡಿನ ಗೇಟಿಗೆ ಬಂದೆ. ಎದುರಿನ ಗೂಡಂಗಡಿಯಲ್ಲಿ ಒಬ್ಬ ಮುದುಕ ಕೂತಿದ್ದ. ಯಾರೋ ಮುದುಕ ಎಂದು ಮುಂದೆ ಹೋದೆ. (ನಾನೂ ನಿನ್ನನ್ನು ಯಾರೋ ಮುದುಕ ಎಂದೇ ಬಿಟ್ಟಿದ್ದೆ ಎಂದು ಬರಿ, ಅನ್ನುತ್ತಿದ್ದಾನೆ.) ಹತ್ತು ಹೆಜ್ಜೆ ಹೋದ ಮೇಲೆ ಹಿಂದಿನಿಂದ "ಕಂಠ್ಯಾ" ಎಂದು ಕೇಳಿತು. ಮೆಲ್ಲಗೆ, ಮೊದಲು ಹೇಗೆ ಅನ್ನುತ್ತಿದ್ದನೋ ಹಾಗೇ. ಚಕ್ಕರ್ ಬಂತೆಂದು ತಿಳಿದು ಓಡಿ ಬಂದು ಕೈ ಹಿಡಿದೆ. ಚಕ್ಕರ್ ಬಂದಿರಲಿಲ್ಲ. ಆದರೂ ಕೈ ಬಿಡಲು ಇಬ್ಬರಿಗೂ ಆಗಲಿಲ್ಲ. ಗೂಡಂಗಡಿಯವನು ಚಾ ತಣ್ಣಗಾಗುತ್ತದೆ ಎಂದ.

ನಿನ್ನ ಉತ್ತರವನ್ನು ಅವನು ನನಗೆ ಹೇಳಿದ. ಮತ್ತೊಮ್ಮೆ ಹೇಳಿಸಿದೆ. ಅದನ್ನೇ ನಾವು ಎಂಬತ್ತೈದರಲ್ಲಿ ಹೇಳಿದ್ದರೆ ನಮ್ಮಿಬ್ಬರಿಗೂ ಆ ನೌಕರಿ ಸಿಗುತ್ತಿರಲಿಲ್ಲ ಅಂದೆ. "ಸಿಗತಿರಲಿಲ್ಲ" ಎಂದು ಅವನೂ ಅಂದ. ಆಮೇಲೆ ಇಬ್ಬರೂ ಎದ್ದು ಮನೆಯ ಕಡೆ ನಡೆದೆವು.

ಮಗಳೇ, ನಿನ್ನ ನೌಕರಿ ಕೈತಪ್ಪಿದ್ದಕ್ಕೆ ನಮಗೆ ಸಂಕಟವಾಗುತ್ತಿದೆ. ನಮ್ಮ ಕಥೆ ಕೇಳದೆ ಹೋಗಿದ್ದರೆ ನಿನಗೆ ಸಿಗುತ್ತಿತ್ತು. ಅದಕ್ಕೆ ಏನು ಹೇಳಬೇಕೋ ತಿಳಿಯದೆ ಒಂದು ಪುಟ ಹರಿದೆವು. ನಾನು ನೂರಜಹಾನಳಂತೆ ಯೋಚನೆ ಮಾಡಿ, ಮುಂದಿನ ಸಲ ಸುಮ್ಮನೆ ಹೂಂ ಅಂದುಬಿಡು ಎಂದು ಬರೆಯಲು ಹೋದೆ. ನಿನ್ನಪ್ಪ ಪೆನ್ನು ಕಸಿದುಕೊಂಡ. ಬರೆಯಲು ಬರುವುದಿಲ್ಲ, ಆದರೂ ಕಸಿದುಕೊಂಡ. ಅವನು ಹೇಳಿದ್ದು ಇದು, ಇದನ್ನು ಅಳಿಸು ಎಂದು ಅವನು ಅನ್ನಲಿಲ್ಲ:

"ಬಾನು, ಅದ ಉತ್ತರ ಹೇಳು. ಎಷ್ಟ ಕಡೆ ಬ್ಯಾಡ ಅಂದ್ರೂ ಅದನ್ನ ಹೇಳು. ಮುಂದಿನ ಇಂಟರ್‌ವ್ಯೂ ಎಲ್ಲಿದ್ರೂ ನಾವು ಬರ್ತೀವಿ. ಒಳಗ ನೀ ಒಬ್ಬಾಕಿನ ಹೋಗು. ಹೊರಗ ಗೇಟಿನ್ಯಾಗ ನಾವಿಬ್ಬರೂ ಕುಂತಿರ್ತೀವಿ."

ನಿನ್ನ ಅಬ್ಬಾ ರಾಜೇಸಾಬ
ನಿನ್ನ ಕಾಕಾ ಕಂಠೆಪ್ಪ